ಕಣ್ಣು ತೆರೆಸುವ ಕೆಲಸಕ್ಕೆ ಒಂದು ಬೀಡಿ

ನನ್ನ ಗಂಡ ಸತ್ತವರ ಕಣ್ಣು ತೆರೆಸುತ್ತಿದ್ದರು. ಹೀಗೆಂದರೆ ಯಾರೋ ಮಂತ್ರವಾದಿ ಅಂದುಕೊಳ್ಳಬಹುದು, ಹಾಗೇನಿಲ್ಲ. ಫೋಟೋಗಳಿಗೆ ಟಚಿಂಗ್ ಮಾಡುವುದು ಅವರ ಕಸುಬು. ತೊಂಬತ್ತರ ದಶಕದಲ್ಲೂ ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಜನ ಬದುಕಿರುವಾಗ ಒಂದು ಫೋಟೋ ಕೂಡ ತೆಗೆಸಿಕೊಂಡಿರುತ್ತಿರಲಿಲ್ಲ. ಉಸಿರು ಹೋದ ಮೇಲೆ ಮನೆಯವರಿಗೆ ಅದು ನೆನಪಾಗುತ್ತಿತ್ತು. ಓಡಿಹೋಗಿ ಸ್ಟುಡಿಯೋದವರನ್ನು ಕರೆತಂದು, ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಒಂದು ಫೋಟೋ ತೆಗೆಸುತ್ತಿದ್ದರು. ತಿಥಿಯ ಹೊತ್ತಿಗೆ ಅದು ದೊಡ್ಡದಾಗಿ ಪ್ರಿಂಟಾಗಿ, ಕಟ್ಟು ಹಾಕಿಸಿಕೊಂಡು ಮನೆಗೆ ಬರಬೇಕು. ಕಣ್ಣು ಮುಚ್ಚಿದ ಮುಖಕ್ಕೆ ಹಾರ ಹಾಕಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಆ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯುತ್ತಿದ್ದವರು ನನ್ನ ಗಂಡ. ಆ ಕೆಲಸ ಬಲ್ಲವರು ನಮ್ಮ ಕಡೆ ಇಬ್ಬರೋ ಮೂವರೋ ಇದ್ದರು, ಅವರಲ್ಲಿ ಇವರದು ಒಳ್ಳೆ ಕೈ ಎಂಬ ಹೆಸರಿತ್ತು.

ನಮ್ಮ ಮನೆ ತುಮಕೂರಿನಲ್ಲಿ, ಒಂದು ಗ್ಯಾರೇಜಿನ ಮೇಲಿನ ಎರಡು ಕೋಣೆ. ಅತ್ತೆ, ಅಂದರೆ ಅಮ್ಮಿ, ನಮ್ಮ ಜೊತೆಗೇ ಇದ್ದರು. ಸ್ಟುಡಿಯೋ ಗುಬ್ಬಿಯಲ್ಲಿ. ಅದರ ಓನರ್ ಪ್ರಿಂಟುಗಳನ್ನು ಎರಡು ರಟ್ಟಿನ ನಡುವೆ ಇಟ್ಟು, ಕವರಿಗೆ ಹಾಕಿ ಅಂಟಿಸಿ, ಪ್ರೈವೇಟ್ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದರು. ಬಸ್ ಸ್ಟ್ಯಾಂಡ್ ಪಕ್ಕದ ಸೈಕಲ್ ಶಾಪಿನಲ್ಲಿ ಅದು ಇಳಿಯುತ್ತಿತ್ತು. ತರಕಾರಿಗೆ ಹೋದ ನಾನು ಅದನ್ನೂ ತರುತ್ತಿದ್ದೆ. ಒಂದು ಕೈಯಲ್ಲಿ ಬದನೆಕಾಯಿ, ಇನ್ನೊಂದು ಕೈಯಲ್ಲಿ ಯಾರದೋ ಮನೆಯ ತೀರಿಹೋದ ಅಜ್ಜಿ. ಮೊದಮೊದಲು ಕವರನ್ನು ಮೈಗೆ ತಾಗದಂತೆ ಹಿಡಿಯುತ್ತಿದ್ದೆ, ಆಮೇಲೆ ರೂಢಿಯಾಯಿತು. ನಾನು ಓದಿದ್ದು ಕನ್ನಡ ಮೀಡಿಯಂ, ಮನೆಯಲ್ಲಿ ಆಡುವುದು ಉರ್ದು. ಮನೆಯ ಮಾತನ್ನೂ ಇಲ್ಲಿ ನಮ್ಮ ಬೀದಿಯ ಕನ್ನಡದಲ್ಲೇ ಬರೆದಿದ್ದೇನೆ.

ಕವರ್ ಬಿಚ್ಚುವ ಮೊದಲು ಅವರು ಒಂದು ಬೀಡಿ ಸೇದುತ್ತಿದ್ದರು. ಮದುವೆಯಾದ ಹೊಸದರಲ್ಲಿ ಆ ವಾಸನೆ ಏನೆಂದು ನನಗೆ ತಿಳಿಯಲಿಲ್ಲ. ಕೆಳಗಿನ ಗ್ಯಾರೇಜಿನವರು ಹಸಿ ಕಸಕ್ಕೆ ಬೆಂಕಿ ಇಟ್ಟಿದ್ದಾರೆಂದು ಕಿಟಕಿಯಿಂದ ಬಗ್ಗಿ ಬಾಯಿಗೆ ಬಂದಂತೆ ಬೈದೆ. ಪಾಪ, ಅವರು ಸ್ಪ್ಯಾನರ್ ಹಿಡಿದುಕೊಂಡು ಪಿಳಿಪಿಳಿ ನೋಡಿದರು. ಅದು ಗಾಂಜಾ ಎಂದು ಕೊನೆಗೆ ಇವರೇ ಹೇಳಿದರು. ಸೊಪ್ಪು ಅನ್ನುತ್ತಿದ್ದರು, ಮನೆಗೆ ದಂಟಿನ ಸೊಪ್ಪು ತಂದಷ್ಟು ಸಲೀಸಾಗಿ.

ಎರಡು ದಿನ ಒಲೆ ಹಚ್ಚಲಿಲ್ಲ ನಾನು. ಮೂರನೆಯ ದಿನ ಅವರು ನನ್ನನ್ನು ಮೇಜಿನ ಹತ್ತಿರ ಕರೆದು, ಸೇದದೆ ಬ್ರಷ್ ಹಿಡಿದು ತೋರಿಸಿದರು. ಬ್ರಷ್ಷಿನ ತುದಿಯಲ್ಲಿದ್ದ ಎರಡು ಕೂದಲು ಗಡಗಡ ನಡುಗಿದವು. ಆಮೇಲೆ ಸೇದಿ ಬಂದು ಹಿಡಿದರು. ನಿಂತೇ ಹೋಯಿತು.

"ನೋಡ್ದಾ? ಕವರ್ ಬಂದ ದಿನ ಮಾತ್ರ ಕಣೇ. ಕೈ ನಿಲ್ಬೇಕಲ್ಲ" ಅಂದರು.

ಕೈ ನಿಂತರೆ ಮನೆ ನಡೆಯುತ್ತಿತ್ತು. ಆದರೆ ಕೈ ನಿಲ್ಲಿಸುವ ವಸ್ತು ತಲೆಯನ್ನು ಎಲ್ಲಿಗೆ ಒಯ್ಯುತ್ತದೆ ಎಂಬ ಭಯ ನನಗೆ ಅಂದೇ ಹತ್ತಿತು. ಇದನ್ನು ಬಿಡಿಸಬೇಕೋ, ಸುಮ್ಮನಿರಬೇಕೋ? ಸಿಕ್ಕವರನ್ನೆಲ್ಲ ಕೇಳಿದೆ, ಎಲ್ಲರ ಬಳಿಯೂ ಉತ್ತರ ರೆಡಿ ಇತ್ತು.

ನನ್ನ ಭಾವ, ಇವರ ಅಣ್ಣ, ಹಿರೇಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. "ಕುಡಿಯೋದಕ್ಕಿಂತ ಎಷ್ಟೋ ವಾಸಿ ಕಣಮ್ಮ" ಅಂದರು. "ನಮ್ಮಲ್ಲಿ ಒಬ್ಬ ಕುಡ್ಕೊಂಡ್ ಬಂದು ಎರಡು ಬೆರಳು ಕಳ್ಕೊಂಡ. ಸೊಪ್ಪು ಸೇದೋನು ಯಾರ ತಂಟೆಗೂ ಹೋಗಲ್ಲ, ಸುಮ್ನೆ ಕೂತಿರ್ತಾನೆ. ನಿಂಗೇನು ಹೊಡೀತಾನಾ ಬೈತಾನಾ?" ಇಲ್ಲ ಅಂದೆ. "ಮತ್ತೆ ಬುಡು" ಅಂದರು. ಸ್ಟುಡಿಯೋದ ಓನರ್ ಇನ್ನೂ ಸುಲಭವಾಗಿ ಮುಗಿಸಿದರು, ಕೆಲಸ ಚೆನ್ನಾಗಿ ಬರುತ್ತಿದೆಯಲ್ಲ ಎಂದು. ಬೆಳ್ಳಾವಿಯಿಂದ ಒಬ್ಬ ಮುದುಕರು ಹೆಂಡತಿಯ ಫೋಟೋ ಹಿಡಿದು ನೇರ ನಮ್ಮ ಮನೆಗೇ ಬಂದಿದ್ದರು. ಮೆಟ್ಟಿಲು ಹತ್ತುತ್ತಲೇ ವಾಸನೆ ಹಿಡಿದು ನಕ್ಕರು. "ಭಂಗಿ ಅಲ್ವಾ? ನಮ್ಮಪ್ಪ ಸಾಯೋಗಂಟ ಸೇದ್ದ. ಸಾಯೋ ವರ್ಷಾನೂ ನೇಗಿಲು ಹಿಡ್ದಿದ್ದ" ಎಂದರು. ಫೋಟೋ ಮೇಜಿನ ಮೇಲಿಟ್ಟು, "ನಮ್ಮ ಚಿಕ್ಕಪ್ಪಾನೂ ಸೇದ್ತಿದ್ದ. ಅವ್ನು ಒಂದಿನ ಮನೆಯಿಂದ ಎದ್ದು ನಡ್ಕೊಂಡು ಹೋದೋನು ತಿರುಗಿ ಬರ್ಲಿಲ್ಲ" ಎಂದು ಸೇರಿಸಿದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

ಅಮ್ಮಿಯ ಲೆಕ್ಕವೇ ಬೇರೆ. ನಮ್ಮಲ್ಲಿ ಸತ್ತವರ ಫೋಟೋ ಗೋಡೆಗೆ ಹಾಕುವ ಪದ್ಧತಿ ಇಲ್ಲ. ಅಮ್ಮಿ ತಮ್ಮ ಫೋಟೋವನ್ನೂ ತೆಗೆಸಿಕೊಂಡವರಲ್ಲ. ಮಗನ ಕೋಣೆಗೆ ಕಾಲಿಡುವ ಮೊದಲು ಪ್ರಿಂಟುಗಳ ಮೇಲೆ ಬಟ್ಟೆ ಮುಚ್ಚು ಎಂದು ನನಗೆ ಹೇಳುತ್ತಿದ್ದರು. "ಸೊಪ್ಪು ಏನೂ ಮಾಡಲ್ಲ. ಅಲ್ಲಾ ಮುಚ್ಚಿದ ಕಣ್ಣನ್ನ ಇವ್ನು ತೆರೆಸ್ತಾ ಅವ್ನಲ್ಲ, ಅದು ಮಾಡುತ್ತೆ. ಬರೆದ ಕಣ್ಣಿಗೆ ಜೀವ ಕೊಡು ಅಂತ ನಾಳೆ ಸತ್ತ ಮೇಲೆ ಅಲ್ಲಾ ಕೇಳಿದ್ರೆ ಏನಂತಾನೆ?" ಎನ್ನುತ್ತಿದ್ದರು. ಮಗ ಸೇದಿದ ಬೀಡಿಯ ತುಂಡನ್ನು ಗುಡಿಸಿ ಹಾಕಲು ಅವರಿಗೆ ಬೇಸರವಿರಲಿಲ್ಲ. ಬ್ರಷ್ಷನ್ನು ಮಾತ್ರ ಮುಟ್ಟುತ್ತಿರಲಿಲ್ಲ.

ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ನಿಜ ಹೇಳುತ್ತಿರಲಿಲ್ಲ. ಈಗ ಹೇಳುತ್ತೇನೆ.

ಕಣ್ಣು ಬರೆಯಲು ಎದುರಿಗೆ ಕಣ್ಣು ಬೇಕು. ಬೀಡಿ ಮುಗಿಸಿ ಬಂದು "ಬಾ, ಕೂತ್ಕೋ. ಬೆಳಕಿಗೆ ಮುಖ ಮಾಡು" ಅನ್ನುತ್ತಿದ್ದರು. ಉತ್ತರದ ಕಿಟಕಿಯ ಮುಂದೆ ನಾನು ಸ್ಟೂಲಿನ ಮೇಲೆ ಕೂರಬೇಕು. ಅವರು ನನ್ನ ಕಣ್ಣು ನೋಡಿ ಒಂದು ಗೆರೆ, ಮತ್ತೆ ನೋಡಿ ಇನ್ನೊಂದು ಗೆರೆ. ಕೊನೆಯಲ್ಲಿ ಕಪ್ಪು ಗುಡ್ಡೆಯೊಳಗೆ ಒಂದು ಬಿಳಿ ಚುಕ್ಕೆ ಇಡುತ್ತಿದ್ದರು. ಚುಕ್ಕೆ ಎಂದರೆ ಬರೀ ಚುಕ್ಕೆಯಲ್ಲ, ನನ್ನ ಕಣ್ಣಿನೊಳಗೆ ಬಿದ್ದ ನಮ್ಮ ಕಿಟಕಿ. ಅದನ್ನಿಟ್ಟ ತಕ್ಷಣ ಹೆಣ ಕೂತಲ್ಲೇ ಎಚ್ಚರಾಗುತ್ತಿತ್ತು. ನಡುಮಧ್ಯಾಹ್ನ, ಕೆಳಗೆ ಗ್ಯಾರೇಜಿನ ಸದ್ದೂ ನಿಂತಿರುತ್ತಿತ್ತು, ಕೋಣೆಯಲ್ಲಿ ನಾವಿಬ್ಬರಿದ್ದವರು ಮೂವರಾಗುತ್ತಿದ್ದೆವು.

ಆದರೂ ನಾನು ಆ ಸ್ಟೂಲಿನಿಂದ ಏಳುತ್ತಿರಲಿಲ್ಲ. ಬೇರೆ ದಿನ ಅವರು ತಲೆ ಎತ್ತಿ ನನ್ನ ಮುಖ ನೋಡಿದವರೇ ಅಲ್ಲ, ಸಾರಿನಲ್ಲಿ ಉಪ್ಪು ಕಮ್ಮಿ ಎನ್ನಲೂ ತಟ್ಟೆಯನ್ನೇ ನೋಡಿ ಹೇಳುತ್ತಿದ್ದರು. ಸೇದಿದ ದಿನ ಮಾತ್ರ ಒಂದೊಂದು ಗಂಟೆ ಹಾಗೆ ನೋಡುತ್ತಿದ್ದರು, ಹುಡುಕುವ ಹಾಗೆ. ನನಗೆ ಅದು ಬೇಕಾಗಿತ್ತು. ಕವರ್ ತಂದ ದಿನ ಬೀಡಿ, ಬೆಂಕಿಪೊಟ್ಟಣ ನಾನೇ ಮೇಜಿನ ಮೇಲೆ ಜೋಡಿಸಿ ಇಡತೊಡಗಿದೆ. ಐದು ವರ್ಷ ಹೀಗೆ ನಡೆಯಿತು. ಎಲ್ಲರ ಹತ್ತಿರವೂ ಬಿಡಿಸುವ ಉಪಾಯ ಕೇಳಿದವಳೂ ನಾನೇ.

ಒಮ್ಮೆ ಒಂದು ಸರ್ಟಿಫಿಕೇಟಿಗಾಗಿ ಕುಣಿಗಲ್ಲಿನ ತಾಲ್ಲೂಕು ಆಫೀಸಿಗೆ ಹೋಗಿದ್ದೆ. ಗುಮಾಸ್ತರು ಊಟಕ್ಕೆ ಹೋಗಿದ್ದರು. ಬಿಸಿಲಿಗೆ ಬಾಯಾರಿ ಹಿಂದಿನ ಬೀದಿಯ ಒಂದು ಮನೆಯಲ್ಲಿ ನೀರು ಕೇಳಿದೆ. ಆ ಮನೆಯ ಹೆಂಗಸು ಒಳಗೆ ಕರೆದು ಕೂರಿಸಿದಳು. ಚೊಂಬು ಎತ್ತಿ ಕುಡಿಯುವಾಗ ಎದುರು ಗೋಡೆಯ ಮೇಲೆ ನನ್ನನ್ನು ನಾನೇ ನೋಡಿದೆ. ಮುದುಕಿಯ ಮುಖ, ಸುಕ್ಕು, ಗಂಧದ ಹಾರ, ಗಾಜಿನ ಮೇಲೆ ಕುಂಕುಮ. ಕಣ್ಣು ನನ್ನವು. ಗುಡ್ಡೆಯೊಳಗೆ ನಮ್ಮ ಕಿಟಕಿ.

"ನಮ್ಮತ್ತೆ" ಅಂದಳು ಆ ಹೆಂಗಸು. "ಹೋಗಿ ಎರಡು ವರ್ಷ ಆಯ್ತು. ಅಕ್ಕ, ನಿಮ್ಮನ್ನ ಎಲ್ಲೋ ನೋಡಿದಂಗೈತಲ್ಲ?"

ಇಲ್ಲಮ್ಮ, ನಾನು ತುಮಕೂರಿನವಳು ಅಂದೆ.

"ಬದುಕಿದ್ದಾಗ ನಮ್ಮತ್ತೆ ಯಾರನ್ನೂ ಹಿಂಗೆ ನೋಡ್ತಿರ್ಲಿಲ್ಲ. ಫೋಟೋದಲ್ಲೇ ನೋಡೋದು. ಯಾತಕ್ಕೋ ಕಾಯ್ತಾ ಇರೋ ಥರ. ನಮ್ಮ ಚಿಕ್ಕೋಳು ಒಬ್ಳೇ ಈ ರೂಮಿಗೆ ಬರೋದೇ ಇಲ್ಲ."

ನೀರು ಅರ್ಧಕ್ಕೇ ಬಿಟ್ಟು ದುಪಟ್ಟಾ ಹಣೆಯವರೆಗೆ ಎಳೆದುಕೊಂಡು ಎದ್ದು ಬಂದೆ. ಸರ್ಟಿಫಿಕೇಟೂ ಬೇಡವಾಯಿತು. ಬಸ್ಸಿನಲ್ಲಿ ಕೂತು ಮೊದಲ ಸಲ ಯೋಚಿಸಿದೆ, ಇಂಥ ಮನೆಗಳು ಎಷ್ಟಿರಬಹುದು, ಅಲ್ಲೆಲ್ಲ ನಾನು ಯಾರಿಗಾಗಿ ಕಾಯುತ್ತಿದ್ದೇನೆ ಎಂದು. ಭಯಕ್ಕಿಂತ ಹೆಚ್ಚು ನಾಚಿಕೆಯಾಯಿತು. ನನ್ನ ಆಸೆ ಕಣ್ಣಿನಲ್ಲಿ ಅಷ್ಟು ಕಾಣುತ್ತಿತ್ತು.

ಮನೆಗೆ ಬಂದು ಇವರಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ಯಾರು, ಕುಣಿಗಲ್ ಅಜ್ಜಿನಾ? ಹೆಂಗವ್ರೆ?" ಎಂದು ಕೇಳಿದರು.

"ಸತ್ತವ್ರೆ ಕಣ್ರೀ" ಅಂದೆ.

"ಅದು ಗೊತ್ತು. ಈಗ ಹೆಂಗವ್ರೆ ಅಂತ ಕೇಳ್ದೆ" ಅಂದರು.

ಆವತ್ತೇ ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಷ್ಟರಲ್ಲಿ ಬೀಡಿ ಕವರ್ ಬಂದ ದಿನಕ್ಕೆ ನಿಲ್ಲದೆ ದಿನಕ್ಕೆ ಮೂರಾಗಿತ್ತು. ಮಧ್ಯಾಹ್ನ ಕೋಣೆಯಿಂದ ಮಾತು ಕೇಳಿಸುತ್ತಿತ್ತು. ಬಾಗಿಲು ತೆರೆದರೆ ಇವರೊಬ್ಬರೇ, ಮೇಜಿನ ಮೇಲೆ ಒಂದು ಪ್ರಿಂಟು. "ಸ್ವಲ್ಪ ಬಲಕ್ಕೆ ನೋಡ್ತೀನಿ ಅಂತಾರೆ. ಬಲಕ್ಕೆ ಬರೆದ್ರೆ ಚೆನ್ನಾಗಿ ಬರಲ್ಲ ಅಂದೆ, ಕೇಳಲ್ಲ" ಅನ್ನುತ್ತಿದ್ದರು, ಹಟಮಾರಿ ಗಿರಾಕಿಯ ಬಗ್ಗೆ ಹೇಳುವ ಹಾಗೆ. ಊಟಕ್ಕೆ ಕೂರುವ ಮುಂಚೆ ಪ್ರಿಂಟುಗಳನ್ನೆಲ್ಲ ಗೋಡೆಗೆ ಮುಖ ಮಾಡಿ ಇಡುತ್ತಿದ್ದರು. ಇಲ್ಲದಿದ್ದರೆ ಅವರೆಲ್ಲ ತಟ್ಟೆಯಲ್ಲಿ ಏನಿದೆ ಎಂದು ನೋಡುತ್ತಾರಂತೆ. ನನಗೆ ಸಿಟ್ಟು ಬಂದರೂ ಅವರೆದುರು ಆ ಪ್ರಿಂಟುಗಳನ್ನು ಈಚೆ ತಿರುಗಿಸುವ ಧೈರ್ಯ ನನಗಿರಲಿಲ್ಲ.

ಆಮೇಲೆ ಮದುಮಗಳ ಫೋಟೋ ಬಂತು. ಗುಬ್ಬಿಯ ಒಂದು ಮನೆಯ ಮದುವೆ. ನಮ್ಮ ಕಡೆ ಮದುಮಗಳು ಫೋಟೋದಲ್ಲಿ ನೇರ ನೋಡುವುದಿಲ್ಲ, ರೆಪ್ಪೆ ಇಳಿಸಿ ನೆಲ ನೋಡುತ್ತಾಳೆ. ಹಾಗೆ ನೋಡಿದರೇ ಲಕ್ಷಣ ಎಂದು ಫೋಟೋ ತೆಗೆಯುವವರೂ ಹೇಳುತ್ತಿದ್ದರು. ಕೆನ್ನೆಯ ಮೇಲಿನ ಎರಡು ಮೊಡವೆ ತೆಗೆದುಕೊಡಿ ಎಂದು ಓನರ್ ಕವರಿನ ಮೇಲೆ ಬರೆದಿದ್ದರು. ಇವರು ಆ ದಿನ ನನ್ನನ್ನು ಸ್ಟೂಲಿಗೆ ಕರೆಯಲಿಲ್ಲ. ಕೆಲಸ ಮುಗಿಸಿ, ತಾವೇ ಕವರ್ ಅಂಟಿಸಿ, ತಾವೇ ಬಸ್ಸಿಗೆ ಕೊಟ್ಟು ಬಂದರು.

ಮೂರನೆಯ ದಿನ ಓನರ್ ಖುದ್ದು ಮೆಟ್ಟಿಲು ಹತ್ತಿ ಬಂದು ಫೋಟೋವನ್ನು ಮೇಜಿನ ಮೇಲೆ ಇಟ್ಟರು. ಅರಿಶಿನ ಹಚ್ಚಿದ ಮುಖ, ತಲೆಗೆ ಬಾಸಿಂಗ, ಬಗ್ಗಿದ ಕತ್ತು. ಆ ಬಗ್ಗಿದ ಮುಖದಲ್ಲಿ ಎರಡು ಕಣ್ಣು ಪೂರ್ತಿ ತೆರೆದು, ಹುಬ್ಬಿನ ಕೆಳಗಿನಿಂದ ನೇರ ನಮ್ಮನ್ನೇ ನೋಡುತ್ತಿದ್ದವು. ನಾನು ಎದುರಿಗೆ ಕೂರದಿದ್ದರೂ ಅವು ನನ್ನ ಕಣ್ಣೇ. ಅಮ್ಮಿ ಬಾಗಿಲಲ್ಲೇ ನಿಂತು ತುಟಿಯಲ್ಲೇ ಏನೋ ಪ್ರಾರ್ಥನೆ ಓದಿಕೊಂಡರು.

"ಏನಣ್ಣ ಇದು?" ಓನರ್ ದನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು. "ಮದ್ವೆ ಹುಡ್ಗಿ ಇವ್ಳು. ಹುಡುಗನ ತಾಯಿ ಈ ಫೋಟೋನ ಹೊಸ್ತಿಲ ಒಳಗೆ ತಗೊಳ್ಲಿಲ್ಲ."

"ನಂಗೊತ್ತಿಲ್ವಾ? ಹೋಗಿ ನಾಲ್ಕು ದಿನ ಆಗೋಗಿತ್ತು. ಕಣ್ಣು ತುಂಬಾ ಒಳಗೆ ಹೋಗ್ಬಿಟ್ಟಿತ್ತು ಪಾಪ" ಅಂದರು ಇವರು.

"ಬದುಕವ್ಳೆ ಕಣಣ್ಣ. ಬೆಳಗ್ಗೆ ನೋಡ್ಕೊಂಡ್ ಬಂದಿದೀನಿ."

ಇವರು ನಕ್ಕರು. ಚಿಕ್ಕವರ ತಪ್ಪನ್ನು ತಿದ್ದುವವರ ನಗು ಅದು. ನನ್ನ ಕಡೆ ಕೈ ತೋರಿಸಿ, "ನನ್ನ ಮಾತು ಬೇಡ, ಇವಳನ್ನ ಕೇಳಿ. ಇವಳೂ ಅಲ್ಲೇ ಅವ್ರ ಜೊತೇಲಿ ಇರ್ತಾಳಲ್ಲ, ಇವಳಿಗೆ ಗೊತ್ತು" ಅಂದರು.

ಓನರ್ ನನ್ನನ್ನು ನೋಡಿದರು. ನಿಜವಾಗಿ ಒಂದು ಕ್ಷಣ ಅನುಮಾನದಿಂದಲೇ ನೋಡಿದರು. ಆ ಹುಡುಗಿಗೆ ಏನೂ ಆಗಲಿಲ್ಲ, ಎಷ್ಟೋ ಕಾಲದ ಮೇಲೆ ಗುಬ್ಬಿಯ ಸಂತೆಯಲ್ಲಿ ಎರಡು ಮಕ್ಕಳ ಕೈ ಹಿಡಿದು ಚೌಕಾಸಿ ಮಾಡುತ್ತಿದ್ದುದನ್ನು ನೋಡಿದೆ. ಆದರೆ ಅವತ್ತು ಆ ಕೋಣೆಯಲ್ಲಿ ಸತ್ತವರು ಯಾರು, ಬದುಕಿದವರು ಯಾರು ಎಂದು ನನ್ನ ಗಂಡನಿಗೆ ತಿಳಿಯುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ನಾನು ಆ ಕಡೆಯವಳಾಗಿದ್ದೆ.

ಆ ವಾರ ಮನೆಯವರೆಲ್ಲ ಒಟ್ಟಿಗೆ ಎದ್ದು ನಿಂತರು. ಭಾವ ಬಂದು ಸೊಪ್ಪಿನ ಪೊಟ್ಟಣ ಹುಡುಕಿ ಮೋರಿಗೆ ಸುರಿದರು. ಅಮ್ಮಿ ಬ್ರಷ್ಷುಗಳನ್ನು ಒಲೆಗೆ ಹಾಕಿ, ಮಗನನ್ನು ದರ್ಗಾಕ್ಕೆ ಕರೆದುಕೊಂಡು ಹೋಗಿ ತೋಳಿಗೆ ತಾಯತ ಕಟ್ಟಿಸಿದರು. ಓನರ್ ಕವರ್ ಕಳಿಸುವುದನ್ನು ನಿಲ್ಲಿಸಿದರು. ನಾನು ಇವರನ್ನೂ ಅಮ್ಮಿಯನ್ನೂ ಆಟೋದಲ್ಲಿ ಕೂರಿಸಿಕೊಂಡು ತಲೆಯ ಡಾಕ್ಟರ್ ಹತ್ತಿರ ಹೋದೆ.

ಚಿಕ್ಕ ವಯಸ್ಸಿನ ಡಾಕ್ಟರ್. "ಗಾಂಜಾದಿಂದಾನೇ ಆಗಿದ್ದಾ ಸಾರ್?" ಎಂದು ಕೇಳಿದೆ. ಹೌದು ಎಂದುಬಿಡಲಿ, ನನಗೆ ಅಷ್ಟು ಶಿಕ್ಷೆ ಆಗಲಿ ಅನಿಸಿತ್ತು. ಅವರು ಹಾಗೆ ಹೇಳಲಿಲ್ಲ.

"ಎಲ್ರಿಗೂ ಹೀಗಾಗಲ್ಲಮ್ಮ. ಕೆಲವರಿಗೆ ಆಗುತ್ತೆ. ಯಾರಿಗೆ ಅಂತ ಮೊದಲೇ ಹೇಳೋಕೆ ಆಗಲ್ಲ. ಒಳಗೆ ಮೊದಲೇ ಇದ್ದದ್ದನ್ನ ಅದು ಎಬ್ಬಿಸಿರಬಹುದು. ಇಲ್ಲಾ, ಒಳಗೆ ಏನೋ ಶುರುವಾಗಿದ್ದಕ್ಕೇ ಇವರು ಜಾಸ್ತಿ ಸೇದಿರಬಹುದು. ಇನ್ನು ಮುಟ್ಟಬಾರದು, ಅದು ಮಾತ್ರ ಖಂಡಿತ. ಮನೇಲಿ ಯಾರಿಗಾದ್ರೂ ಹೀಗೆ ಇತ್ತಾ?"

ಇಲ್ಲ ಎಂದರು ಅಮ್ಮಿ, ಪ್ರಶ್ನೆ ಮುಗಿಯುವ ಮೊದಲೇ. ಇವರ ಸೋದರತ್ತೆ ಒಬ್ಬರು ಬಿಂದಿಗೆಗಳ ಜೊತೆ ಮಾತಾಡುತ್ತಿದ್ದರು, ಅವರನ್ನು ಹಿತ್ತಿಲ ಕೋಣೆಯಲ್ಲಿ ಕೂಡಿಹಾಕಿದ್ದರು ಎಂಬುದು ನನಗೆ ಗೊತ್ತಾಗಿದ್ದು ಅಮ್ಮಿ ತೀರಿಕೊಂಡ ಮೇಲೆ. ಆ ಸೋದರತ್ತೆ ಬೀಡಿ ಮುಟ್ಟಿದವರೇ ಅಲ್ಲವಂತೆ.

ಒಂದು ವರ್ಷದಲ್ಲಿ ಮಾತುಗಳು ನಿಂತವು. ಆಗ ಎಲ್ಲರೂ ಗೆದ್ದರು. ನೋಡ್ದಾ, ಕಣ್ಣು ಬರೆಯೋದು ಬಿಟ್ಟ, ಸರಿಹೋದ ಎಂದರು ಅಮ್ಮಿ. ಸೊಪ್ಪು ಬಿಟ್ಟದ್ದಕ್ಕೆ ಎಂದರು ಓನರ್, ಮೊದಲಿಂದಲೂ ತಾವು ಅದನ್ನೇ ಹೇಳುತ್ತಿದ್ದವರ ಹಾಗೆ. ಮಾತ್ರೆ ನಿಲ್ಲಿಸಬೇಡಿ ಎಂದರು ಡಾಕ್ಟರ್. ಭಾವ ಮಾತ್ರ ಸೋಲಲಿಲ್ಲ, "ಸೊಪ್ಪಿಂದೇನು ತಪ್ಪು, ನಮ್ಮೋನ ತಲೆನೇ ತೆಳು" ಎಂದರು. ಒಂದೊಂದಾಗಿ ನಿಲ್ಲಿಸಿ ನೋಡಿದ್ದರೆ ಯಾವುದು ಕಾರಣ ಎಂದು ಗೊತ್ತಾಗುತ್ತಿತ್ತೇನೋ. ಸುಡುವ ಮನೆಯಲ್ಲಿ ಯಾರು ಅಷ್ಟು ನಿಧಾನ ಮಾಡುತ್ತಾರೆ.

ಆ ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. ಎರಡು ಸಾವಿರದ ಇಸವಿಯ ಮೇಲೆ ಭಾವನ ಮಗ ಇಂಜಿನಿಯರಿಂಗ್ ಸೇರಿ, ರಜಕ್ಕೆ ಬಂದಾಗ ಇದೇ ಮಾತು ತೆಗೆದ. "ಹೊರದೇಶದಲ್ಲಿ ಅದನ್ನ ಡಾಕ್ಟ್ರೇ ಬರ್ಕೊಡ್ತಾರೆ ಚಾಚಿ. ಇಲ್ಲಿಯವ್ರು ಸುಮ್ನೆ ಹೆದರಿಸ್ತಾರೆ" ಅಂದ.

"ಬರ್ಕೊಡ್ಲಿ ಬಿಡಪ್ಪ" ಅಂದೆ. "ಬರ್ಕೊಟ್ಟೋರು ಮಧ್ಯಾಹ್ನ ಬಂದು ಪಕ್ಕದಲ್ಲಿ ಕೂತಿರ್ತಾರಾ, ಕೇಳ್ಕೊಂಡ್ ಬಾ." ಅವನು ಹೇಳಿದ್ದು ಸುಳ್ಳು ಎಂದು ನಾನು ಹೇಳಲಾರೆ. ಬೆಳ್ಳಾವಿಯ ಮುದುಕರ ಅಪ್ಪ ಸಾಯುವ ವರ್ಷವೂ ನೇಗಿಲು ಹಿಡಿದದ್ದು ನಿಜವೇ ಇರಬೇಕು.

ಅಷ್ಟರಲ್ಲಿ ಸ್ಟುಡಿಯೋಗಳಿಗೆ ಕಂಪ್ಯೂಟರ್ ಬಂದು ಕಣ್ಣು ತೆರೆಸುವವರೇ ಬೇಡವಾದರು. ಇವರು ಒಂದು ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಲು ಕೂತರು. ಮಾತ್ರೆಯಿಂದ ಕೈ ನಡುಗುತ್ತಿತ್ತು, ಟೀ ಲೋಟ ಹಿಡಿದರೆ ಸಾಸರಿಗೆ ಚೆಲ್ಲುತ್ತಿತ್ತು. ಒಳ್ಳೆಯ ಮನುಷ್ಯ, ಬೆಳಗ್ಗೆ ಹೋಗಿ ಸಂಜೆ ಬರುತ್ತಾರೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು. ನನ್ನ ಕಣ್ಣನ್ನು ಮಾತ್ರ ಅವರು ನೋಡುತ್ತಿರಲಿಲ್ಲ. ಮಾತಾಡಿದರೆ ನನ್ನ ಭುಜ ನೋಡಿ, ಇಲ್ಲವೇ ಬಾಗಿಲು ನೋಡಿ. ಎದುರಿಗೆ ಕೂತು ಬಡಿಸಿದರೆ ಎರಡು ತುತ್ತಿಗೆ ಎದ್ದುಬಿಡುತ್ತಿದ್ದರು. ಒಂದು ದಿನ ತಡೆಯಲಾರದೆ ಕೇಳಿದೆ.

"ನಿನ್ನ ನೋಡಿದ್ರೆ ಅವ್ರೆಲ್ಲ ನೋಡ್ತಾರೆ ಕಣೇ" ಅಂದರು. ಹೆದರಿಕೆ, ಬೇಸರ ಏನೂ ಇಲ್ಲದೆ, ಇದ್ದದ್ದು ಇದ್ದ ಹಾಗೆ.

ಆ ದಿನದಿಂದ ಬಡಿಸಿದ ಮೇಲೆ ನಾನು ಅವರ ಎದುರಿಗೇ ಕೂತು ಕಣ್ಣು ಮುಚ್ಚಿಕೊಳ್ಳುತ್ತೇನೆ. ಅವರು ಹೊಟ್ಟೆ ತುಂಬ ಉಣ್ಣುತ್ತಾರೆ. ತಟ್ಟೆಯ ಸದ್ದು ನಿಂತ ಮೇಲೆ ತೆರೆಯುತ್ತೇನೆ. ಮುಚ್ಚಿರುವಾಗ ಅವರು ನನ್ನ ಮುಖ ನೋಡುತ್ತಾರೋ ಇಲ್ಲವೋ ನನಗೆ ತಿಳಿಯುವ ದಾರಿಯೇ ಇಲ್ಲ. ಅಷ್ಟಕ್ಕೇ ನೆಮ್ಮದಿ ಮಾಡಿಕೊಂಡಿದ್ದೆ.

ಹೋದ ಶುಕ್ರವಾರ ಮಧ್ಯಾಹ್ನ ನಮಾಜ್ ಮುಗಿಸಿ ಊಟಕ್ಕೆ ಬಂದಿದ್ದರು, ತಟ್ಟೆಯ ಸದ್ದು ನಿಂತರೂ ಏಳಲಿಲ್ಲ. ನಾನು ರೆಪ್ಪೆ ತೆರೆಯುವ ಮೊದಲೇ ಎಡಗಣ್ಣಿನ ರೆಪ್ಪೆಯ ಮೇಲೆ ಏನೋ ತಣ್ಣಗೆ ಮುಟ್ಟಿತು. ಅವರ ಬೆರಳು. ಬ್ರಷ್ಷಿನ ತುದಿಯ ಹಾಗೆ ಅದನ್ನೂ ನಾಲಿಗೆಗೆ ಒತ್ತಿ ಒದ್ದೆ ಮಾಡಿಕೊಂಡಿರಬೇಕು. ರೆಪ್ಪೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಿಧಾನವಾಗಿ ಒಂದು ಗೆರೆ ಎಳೆದರು. ಎಷ್ಟೋ ವರ್ಷದಿಂದ ಮನೆಯಲ್ಲಿ ಸೊಪ್ಪಿಲ್ಲ, ಬೀಡಿಯಿಲ್ಲ. ಕೈ ಒಂದಿಷ್ಟೂ ನಡುಗಲಿಲ್ಲ. ಡಾಕ್ಟರಿಗೆ ಹೇಳಬೇಕು, ನಾಳೆ ಹೇಳುತ್ತೇನೆ ಅಂದುಕೊಂಡೆ. ಎರಡೂ ಕಣ್ಣು ಬರೆದು ಮುಗಿಯುವವರೆಗೆ ಅಲ್ಲಾಡದೆ ಕೂತಿದ್ದೆ.